ಸರ್ಕಾರದ ನೆರವಿನಲ್ಲಿ ಇದ್ದುಕೊಂಡೇ ಕಮ್ಯುನಿಟಿ ಕಾಲೇಜು, ಆಮೇಲೆ ಕೆಲಸ: ಕ್ಯಾಲಿಫೋರ್ನಿಯಾದಲ್ಲಿ ಜೊತೆಗೆ ನಿಲ್ಲುವವರಿಗೆ ಸಮಗ್ರ ಮಾರ್ಗದರ್ಶಿ

ಬೇ ಏರಿಯಾದ ಕನ್ನಡಿಗರು ಅಂದರೆ ಎಲ್ಲರೂ ಸಾಫ್ಟ್‌ವೇರ್‌ನವರು ಅನ್ನೋ ನಂಬಿಕೆ ಊರಲ್ಲೂ ಇದೆ, ಇಲ್ಲೂ ಇದೆ. ಗಂಡ ಬಿಟ್ಟುಹೋಗಿ ಮಗುವಿನ ಜೊತೆ ಒಂದೇ ರೂಮಿನಲ್ಲಿ ಬಾಡಿಗೆಗಿರುವವರು, ಕೆಲಸ ಹೋಗಿ ಉಳಿತಾಯ ಕರಗಿದವರು ನಮ್ಮ ನಡುವೆಯೂ ಇದ್ದಾರೆ. ಕನ್ನಡ ಕೂಟದ ಹಬ್ಬಕ್ಕೆ ಅವರು ಬರೋದು ಕಮ್ಮಿ, ಹಾಗಾಗಿ ಕಣ್ಣಿಗೆ ಬೀಳಲ್ಲ, ಅಷ್ಟೇ. ಇನ್ನು ಕೆಲವು ಓದುಗರು ಕಾಲೇಜುಗಳಲ್ಲಿ ಟ್ಯೂಟರ್ ಆಗಿಯೋ ಸ್ವಯಂಸೇವಕರಾಗಿಯೋ ಬೇರೆ ಬೇರೆ ದೇಶದ ಇಂಥ ತಾಯಂದಿರನ್ನು ನೋಡುತ್ತಿರುತ್ತೀರಿ. ಈ ಬರಹ ನೆರವು ಪಡೆಯುವವರಿಗಿಂತ ಜಾಸ್ತಿ ಅವರ ಪಕ್ಕದಲ್ಲಿ ಕೂತು ಫಾರಂ ತುಂಬಿಸುವ ನಿಮಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇವರು ಓದು ಬಿಡುವುದು ಪಾಠ ತಲೆಗೆ ಹತ್ತದೆ ಅಲ್ಲ, ಬಹಳ ಸಲ ಎರಡು ಆಫೀಸುಗಳ ನಡುವೆ ಸಿಕ್ಕಿಕೊಂಡು. ನೆರವು ಕೊಡುವ ಕೌಂಟಿ ಆಫೀಸು ವಾರದ ಗಂಟೆ ಎಣಿಸುತ್ತದೆ. ಕಾಲೇಜು ಯೂನಿಟ್, ಅಂದರೆ ಒಂದೊಂದು ಕ್ಲಾಸಿಗೆ ಇರುವ ತೂಕ, ಎಣಿಸುತ್ತದೆ. ಇಬ್ಬರ ಕ್ಯಾಲೆಂಡರ್ ಬೇರೆ, ಫಾರಂ ಬೇರೆ, ಗಡುವು ಬೇರೆ. ಒಬ್ಬರಿಗೊಬ್ಬರು ಮಾತಾಡುವುದು ಅಪರೂಪ. ಮಧ್ಯದಲ್ಲಿ ಓಡಾಡಬೇಕಾದವಳು ಆ ತಾಯಿ. ನೀವು ಲೆಕ್ಕ ಹೇಳಿಕೊಡದಿದ್ದರೂ ಪರವಾಗಿಲ್ಲ, ಈ ಎರಡು ಕಡೆಯ ಕಾಗದ ಹೊಂದಿಸಿಕೊಟ್ಟರೆ ದೊಡ್ಡ ಕೆಲಸ ಆಯಿತು.

ಮೊದಲು ಹಿನ್ನೆಲೆ ಸ್ವಲ್ಪ

1996ರ ಆಗಸ್ಟ್ 22ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಅಮೆರಿಕದ ಬಡಕುಟುಂಬಗಳ ನಗದು ನೆರವನ್ನು ಪೂರ್ತಿ ಬದಲಾಯಿಸಿತು. ಹಳೆಯ ಯೋಜನೆ ಹೋಯಿತು, ಟ್ಯಾನ್ಫ್ ಅನ್ನುವ ತಾತ್ಕಾಲಿಕ ನೆರವಿನ ಯೋಜನೆ ಬಂತು. ದುಡ್ಡು ಬೇಕಾದರೆ ಕೆಲಸ ಮಾಡಬೇಕು ಅಥವಾ ಕೆಲಸಕ್ಕೆ ತಯಾರಾಗಬೇಕು ಅನ್ನೋದು ಅದರ ಒಟ್ಟು ಸಾರ. ಫೆಡರಲ್ ದುಡ್ಡಿನ ನೆರವಿಗೆ ಜೀವಮಾನದಲ್ಲಿ 60 ತಿಂಗಳ ಮಿತಿಯನ್ನೂ ಇಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಇದರ ಹೆಸರು ಕ್ಯಾಲ್‌ವರ್ಕ್ಸ್, 1998ರಲ್ಲಿ ಶುರುವಾಯಿತು. ಇಲ್ಲಿನ ಮಿತಿಯನ್ನು 2011ರಲ್ಲಿ 48 ತಿಂಗಳಿಗೆ ಇಳಿಸಿದ್ದರು, 2022ರ ಮೇ ತಿಂಗಳಿಂದ ಮತ್ತೆ 60 ಮಾಡಿದ್ದಾರೆ.

ಓದುವವರಿಗೆ ಇದರಿಂದ ಬಂದ ತೊಂದರೆ ಏನು ಅಂದರೆ, ಫೆಡರಲ್ ಲೆಕ್ಕದಲ್ಲಿ ವೃತ್ತಿ ಶಿಕ್ಷಣವನ್ನು 12 ತಿಂಗಳ ಮಟ್ಟಿಗೆ ಮಾತ್ರ ‘ಕೆಲಸ’ ಅಂತ ಎಣಿಸುತ್ತಾರೆ. ಎರಡು ವರ್ಷದ ಡಿಗ್ರಿಗೆ ಇದು ಸಾಲದು. ಕ್ಯಾಲಿಫೋರ್ನಿಯಾ ಅದಕ್ಕಿಂತ ಧಾರಾಳವಾಗಿದೆ, ಇಲ್ಲಿ ಅದಕ್ಕಿಂತ ಹೆಚ್ಚು ಕಾಲ ಓದಲು ಅವಕಾಶ ಇದೆ. ಆದರೂ ‘ಮೊದಲು ಸಿಕ್ಕಿದ ಕೆಲಸ ಹಿಡಿ’ ಅನ್ನುವ ಹಳೆಯ ಮನೋಭಾವ ಕೆಲವು ಆಫೀಸುಗಳಲ್ಲಿ ಇನ್ನೂ ಹೋಗಿಲ್ಲ. ಇದು ಗೊತ್ತಿದ್ದರೆ ಮುಂದಿನ ಮಾತುಕತೆ ಸುಲಭ.

ಹಂತ 1: ಕಾಗದ ಮತ್ತು ಅರ್ಹತೆ

ನಮ್ಮವರ ವಿಷಯದಲ್ಲಿ ಮೊದಲ ಪ್ರಶ್ನೆ ವೀಸಾ. ಎಚ್-4ನಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾದಲ್ಲಿ ಇರುವವರಿಗೆ ಸ್ವಂತಕ್ಕೆ ಕ್ಯಾಲ್‌ವರ್ಕ್ಸ್ ಸಿಗುವುದಿಲ್ಲ. ಆದರೆ ಮಗು ಇಲ್ಲೇ ಹುಟ್ಟಿದ್ದರೆ, ಮಗುವಿನ ಹೆಸರಿನಲ್ಲಿ ಅರ್ಜಿ ಹಾಕಬಹುದು. ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗದವರಿಗೆ ಫೆಡರಲ್ ದುಡ್ಡು ಇಲ್ಲ, ಆದರೆ ಕ್ಯಾಲಿಫೋರ್ನಿಯಾ ತನ್ನ ಬೊಕ್ಕಸದಿಂದ ಕೊಡುತ್ತದೆ. ‘ಐದು ವರ್ಷ ಆಗಿಲ್ಲ, ಹೋಗಿ’ ಅಂತ ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ಅರ್ಜಿ ಹಾಕಿ, ಉತ್ತರ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ತೊಡಕು, ಸ್ಪಾನ್ಸರ್. ಗಂಡನೇ ಗ್ರೀನ್ ಕಾರ್ಡಿಗೆ ಸ್ಪಾನ್ಸರ್ ಆಗಿದ್ದರೆ ಅವನ ಆದಾಯವನ್ನು ಹೆಂಡತಿಯ ಲೆಕ್ಕಕ್ಕೆ ಸೇರಿಸುವ ನಿಯಮ ಇದೆ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಇದಕ್ಕೆ ವಿನಾಯಿತಿ ಇದೆ. ಹಿಂಸೆಗೆ ಒಳಗಾದವರಿಗೆ ಕೆಲಸದ ಗಂಟೆ ಮತ್ತು ತಿಂಗಳ ಮಿತಿಯಲ್ಲೂ ಸಡಿಲಿಕೆ ಕೇಳುವ ಹಕ್ಕು ಇದೆ. ಇಂಥವರಿಗೆ ಬೇ ಏರಿಯಾದಲ್ಲಿ ‘ಮೈತ್ರಿ’, ‘ನಾರಿಕಾ’ ಅನ್ನುವ ದಕ್ಷಿಣ ಏಷ್ಯಾದವರ ಸಂಸ್ಥೆಗಳಿವೆ. ಎರಡೂ 1990ರ ದಶಕದ ಆರಂಭದಿಂದ ಕೆಲಸ ಮಾಡುತ್ತಿವೆ. ಗುಟ್ಟು ಕಾಪಾಡುತ್ತಾರೆ.

ಗ್ರೀನ್ ಕಾರ್ಡಿಗೆ ಅರ್ಜಿ ಇನ್ನೂ ನಡೆಯುತ್ತಿದ್ದರೆ ನಗದು ನೆರವು ಪಡೆಯುವ ಮುಂಚೆ ವಲಸೆ ವಕೀಲರನ್ನು ಒಮ್ಮೆ ಕೇಳಲೇಬೇಕು. ಇದು ವಾಟ್ಸಾಪ್ ಗುಂಪಿನಲ್ಲಿ ಕೇಳುವ ಪ್ರಶ್ನೆಯಲ್ಲ.

ಅರ್ಜಿ ಹಾಕುವುದು ‘ಬೆನಿಫಿಟ್ಸ್‌ಕ್ಯಾಲ್’ ವೆಬ್‌ಸೈಟಿನಲ್ಲಿ. ನಗದು ನೆರವು, ಊಟಕ್ಕೆ ಕ್ಯಾಲ್‌ಫ್ರೆಶ್, ಆಸ್ಪತ್ರೆಗೆ ಮೆಡಿ-ಕ್ಯಾಲ್, ಮೂರಕ್ಕೂ ಒಂದೇ ಅರ್ಜಿ ಸಾಕು.

ಹಂತ 2: ಯಾವ ಕೋರ್ಸು?

ಎಲ್ಲರೂ ಇಲ್ಲಿ ಅವಸರ ಮಾಡುತ್ತಾರೆ. ಕೋರ್ಸು ತಪ್ಪಿದರೆ 60 ತಿಂಗಳಲ್ಲಿ ಒಂದು ವರ್ಷ ಹಾಳು. ಹಾಗಾಗಿ ಇದಕ್ಕೆ ಒಂದು ಇಡೀ ಮಧ್ಯಾಹ್ನ ಕೊಡಿ.

ಊರಲ್ಲಿ ಓದಿರುವುದು ಏನು ಅಂತ ಮೊದಲು ಕೇಳಿ. ಬಿ.ಕಾಂ, ಬಿ.ಎಡ್, ನರ್ಸಿಂಗ್ ಮುಗಿಸಿ ಇಲ್ಲಿ ಬಂದು ‘ನಾನು ಏನೂ ಓದಿಲ್ಲ’ ಅನ್ನುವವರು ಬಹಳ. ಅಂಕಪಟ್ಟಿಗಳನ್ನು ಇಲ್ಲಿನ ಮೌಲ್ಯಮಾಪನ ಸಂಸ್ಥೆಗಳಿಗೆ ಕಳಿಸಿ, ಎಷ್ಟು ಲೆಕ್ಕಕ್ಕೆ ಬರುತ್ತದೆ ನೋಡಿ. ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆ ತರಿಸಲು ತಿಂಗಳುಗಳೇ ಹಿಡಿಯಬಹುದು. ಊರಲ್ಲಿರುವ ತಮ್ಮನಿಗೋ ಚಿಕ್ಕಪ್ಪನಿಗೋ ಇವತ್ತೇ ಫೋನ್ ಮಾಡಿಸಿ.

ಒಂದು ಎಚ್ಚರಿಕೆ: ಭಾರತದಲ್ಲಿ ಪದವಿ ಮುಗಿಸಿದ್ದರೂ, ಫೆಡರಲ್ ಸರ್ಕಾರ ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್ ಸಾಮಾನ್ಯವಾಗಿ ಸಿಗುವುದಿಲ್ಲ. ಅದು ಹೆಚ್ಚಾಗಿ ಇನ್ನೂ ಪದವಿ ಇಲ್ಲದವರಿಗೆ. ಪಿಯುಸಿ ಮುಗಿಸಿ ಮದುವೆಯಾಗಿ ಬಂದವರಿಗೆ ಸಿಗಬಹುದು. ಪದವಿ ಇದೆ ಅನ್ನೋದನ್ನು ಮುಚ್ಚಿಡಲು ಹೋಗಬೇಡಿ, ಅದು ಮುಂದೆ ಸುತ್ತಿಕೊಳ್ಳುತ್ತದೆ.

ಆಮೇಲೆ ಕೆಲಸ ನೋಡಿ. ಬೇಗ ಕೆಲಸ ಸಿಗಬೇಕು, ಆದರೆ ಅಲ್ಲೇ ನಿಂತು ಹೋಗಬಾರದು. ಮೆಟ್ಟಿಲು ಮೆಟ್ಟಿಲಾಗಿ ಏರಬಹುದಾದ ಕೋರ್ಸು ಒಳ್ಳೆಯದು. ನಮ್ಮ ಹೆಂಗಸರು ಹೆಚ್ಚಾಗಿ ಹಿಡಿಯುವ ಪ್ರೀಸ್ಕೂಲ್ ದಾರಿಯನ್ನೇ ತಗೊಳ್ಳಿ. ಮಕ್ಕಳ ಬೆಳವಣಿಗೆ ವಿಷಯದಲ್ಲಿ 6 ಯೂನಿಟ್ ಆಗಿದ್ದರೆ ಲೈಸೆನ್ಸ್ ಇರುವ ಕೇಂದ್ರದಲ್ಲಿ ಟೀಚರ್ ಆಗಿ ಸೇರಿ, ಉಳಿದದ್ದನ್ನು ಓದುತ್ತಾ ಹೋಗಬಹುದು. 12 ಯೂನಿಟ್ ಮತ್ತು ಆರು ತಿಂಗಳ ಅನುಭವ ಆದರೆ ಪೂರ್ತಿ ಅರ್ಹತೆ. 24 ಯೂನಿಟ್ ಜೊತೆಗೆ 16 ಯೂನಿಟ್ ಸಾಮಾನ್ಯ ವಿಷಯ ಓದಿ, ಬೇಕಾದಷ್ಟು ದಿನ ಕೆಲಸ ಮಾಡಿದ್ದರೆ ರಾಜ್ಯದ ಟೀಚರ್ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಈ ಕ್ಷೇತ್ರದಲ್ಲಿ ಸಂಬಳ ಕಮ್ಮಿ, ಅದನ್ನು ಮೊದಲೇ ಹೇಳಿಬಿಡಿ.

ಆಸ್ಪತ್ರೆ ದಾರಿ ಇನ್ನೊಂದು. ಸಿಎನ್‌ಎ, ಅಂದರೆ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ 160 ಗಂಟೆಯದು: 60 ಗಂಟೆ ಪಾಠ, 100 ಗಂಟೆ ರೋಗಿಗಳ ಜೊತೆ. ಬೇಗ ಮುಗಿಯುತ್ತದೆ, ಆದರೆ ಬೆನ್ನು ಮುರಿಯುವ ಕೆಲಸ. ರಿಜಿಸ್ಟರ್ಡ್ ನರ್ಸ್ ಆಗಲು ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಡಿಗ್ರಿಯೇ ಸಾಕು. ಆದರೆ ಸೇರುವ ಮುಂಚೆಯೇ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮುಗಿಸಿರಬೇಕು, ಆಮೇಲೂ ಸೀಟಿಗೆ ಕಾಯಬೇಕು. 60 ತಿಂಗಳ ಲೆಕ್ಕ ಇಟ್ಟುಕೊಂಡೇ ಇದಕ್ಕೆ ಇಳಿಯಬೇಕು. ಲೆಕ್ಕಪತ್ರ ಬಲ್ಲವರಿಗೆ ಬುಕ್‌ಕೀಪಿಂಗ್ ಸರ್ಟಿಫಿಕೇಟ್ ಒಳ್ಳೆಯ ದಾರಿ. ಬಿ.ಕಾಂ ಓದಿದವರಿಗಂತೂ ಹೊಸದೇನೂ ಅಲ್ಲ, ಇಲ್ಲಿನ ತೆರಿಗೆ ಮತ್ತು ಸಾಫ್ಟ್‌ವೇರ್ ಕಲಿತರೆ ಆಯಿತು.

ಟಿವಿಯಲ್ಲಿ ಜಾಹೀರಾತು ಕೊಡುವ ಲಾಭದ ಖಾಸಗಿ ಕಾಲೇಜುಗಳಿಂದ ದೂರ ಇರಿ. ಕೊರಿಂಥಿಯನ್ ಕಾಲೇಜುಗಳು 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಬಾಗಿಲು ಹಾಕಿದಾಗ ಸಾವಿರಾರು ವಿದ್ಯಾರ್ಥಿಗಳ ಕೈಯಲ್ಲಿ ಉಳಿದದ್ದು ಸಾಲ. ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಸರ್ಟಿಫಿಕೇಟ್ ಹೆಚ್ಚುಕಮ್ಮಿ ಪುಕ್ಕಟೆ ಸಿಗುವಾಗ ಸಾಲ ಯಾಕೆ?

ಹಂತ 3: ಸೇರುವುದು, ಫೀಸು ಮನ್ನಾ ಮಾಡಿಸುವುದು

ಕ್ಯಾಲಿಫೋರ್ನಿಯಾದಲ್ಲಿ 116 ಸರ್ಕಾರಿ ಕಮ್ಯುನಿಟಿ ಕಾಲೇಜುಗಳಿವೆ. ನಮ್ಮವರು ಜಾಸ್ತಿ ಇರುವ ಕಡೆಯೇ ಡಿ ಆಂಜಾ, ಮಿಷನ್, ಓಲೋನಿ, ಎವರ್‌ಗ್ರೀನ್ ವ್ಯಾಲಿ ಇವೆ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಕಾಲೇಜಿನಲ್ಲಿ ಫೀಸು ಯೂನಿಟ್‌ಗೆ 46 ಡಾಲರ್, 2012ರಿಂದ ಹಾಗೇ ಇದೆ. ಕ್ಯಾಲ್‌ವರ್ಕ್ಸ್ ಪಡೆಯುವವರಿಗೆ ‘ಪ್ರಾಮಿಸ್ ಗ್ರಾಂಟ್’ ಅಡಿಯಲ್ಲಿ ಅದೂ ಮನ್ನಾ. ಕೌಂಟಿ ಕೊಟ್ಟ ಪತ್ರ ತೋರಿಸಿದರೆ ಸಾಕು. ಊರಿನ ಪದವಿ ಇದ್ದವರೂ ಇದಕ್ಕೆ ಅರ್ಜಿ ಹಾಕಬಹುದು.

ಫೆಡರಲ್ ವಿದ್ಯಾರ್ಥಿ ನೆರವಿಗೆ ಹಾಕುವ ಫಾಫ್ಸಾ ಫಾರಂ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ತೆರೆಯುತ್ತದೆ. ಮಗು ಸಾಕುತ್ತಿರುವ ತಾಯಿಯನ್ನು ಅದರಲ್ಲಿ ‘ಸ್ವತಂತ್ರ’ ವಿದ್ಯಾರ್ಥಿ ಅಂತ ಪರಿಗಣಿಸುತ್ತಾರೆ. ಅಪ್ಪ ಅಮ್ಮನ ಆದಾಯ ಕೇಳುವುದಿಲ್ಲ. 2024-25ರಲ್ಲಿ ಪೆಲ್ ಗ್ರಾಂಟಿನ ಗರಿಷ್ಠ ಮೊತ್ತ 7,395 ಡಾಲರ್ ಇತ್ತು. ಫೀಸು ಮನ್ನಾ ಆಗಿರುವುದರಿಂದ ಇದರ ಬಹುಪಾಲು ಬಾಡಿಗೆಗೆ, ಪೆಟ್ರೋಲಿಗೆ ಕೈಗೆ ಬರುತ್ತದೆ. ಇದನ್ನು ಕೌಂಟಿಯವರು ಆದಾಯ ಅಂತ ಹಿಡಿಯುವುದಿಲ್ಲ. ಜನ ಇದಕ್ಕೇ ಹೆದರಿ ಅರ್ಜಿ ಹಾಕದೆ ಕೂರುತ್ತಾರೆ. ರಾಜ್ಯದ ವಿದ್ಯಾರ್ಥಿ ನೆರವಾದ ಕ್ಯಾಲ್ ಗ್ರಾಂಟ್ ಸಿಕ್ಕಿದ ಪೋಷಕರಿಗೆ ರಾಜ್ಯ ವರ್ಷಕ್ಕೆ 6,000 ಡಾಲರ್‌ವರೆಗೆ ಕೊಡುವ ವ್ಯವಸ್ಥೆಯೂ ಇದೆ. ಕ್ಯಾಲ್ ಗ್ರಾಂಟಿನ ಮಾರ್ಚ್ 2ರ ಗಡುವು ತಪ್ಪಿದರೂ ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರ ಇನ್ನೊಂದು ಅವಕಾಶ ಇರುತ್ತದೆ.

ಕಾಲೇಜಿನೊಳಗೆ ಹುಡುಕಬೇಕಾದ ಬಾಗಿಲು ಮೂರು. ಒಂದು, ಕ್ಯಾಲ್‌ವರ್ಕ್ಸ್ ಆಫೀಸು. ಹೌದು, ಕಾಲೇಜಿನಲ್ಲೂ ಇದೇ ಹೆಸರಿನ ಆಫೀಸು ಇರುತ್ತದೆ, ಕೌಂಟಿಯದ್ದು ಬೇರೆ, ಇದು ಬೇರೆ. ಎರಡು, ಇಒಪಿಎಸ್, ಅಂದರೆ ಹಣಕ್ಕೂ ಓದಿಗೂ ಕಷ್ಟ ಇರುವ ವಿದ್ಯಾರ್ಥಿಗಳಿಗೆ ನೆರವಾಗುವ ವಿಭಾಗ. 1969ರ ಕಾನೂನಿನಿಂದ ಬಂದದ್ದು, ಸಾಮಾನ್ಯವಾಗಿ 12 ಯೂನಿಟ್ ತೆಗೆದುಕೊಂಡವರಿಗೆ. ಮೂರು, ‘ಕೇರ್’. ಇದು ಇಒಪಿಎಸ್‌ನಲ್ಲಿರುವ, ನೆರವು ಪಡೆಯುವ ಒಂಟಿ ಪೋಷಕರಿಗೆ ಅಂತಲೇ 1982ರಿಂದ ಇದೆ. ಪುಸ್ತಕ, ಊಟದ ಕಾರ್ಡು, ಪೆಟ್ರೋಲ್ ಕಾರ್ಡು, ಎಲ್ಲಕ್ಕಿಂತ ಮುಖ್ಯವಾಗಿ ಬೇಗ ರಿಜಿಸ್ಟರ್ ಆಗುವ ಅವಕಾಶ ಇವುಗಳಿಂದ ಸಿಗುತ್ತದೆ. ಮಗು ಸ್ಕೂಲಿನಲ್ಲಿರುವ ಹೊತ್ತಿನ ಕ್ಲಾಸು ಸಿಗಬೇಕಾದರೆ ಬೇಗ ರಿಜಿಸ್ಟರ್ ಆಗಲೇಬೇಕು, ಅಲ್ವಾ?

ಇಂಗ್ಲಿಷ್, ಗಣಿತಕ್ಕೆ ಹೆದರುವವರಿಗೆ ಒಂದು ಸಮಾಧಾನ. ಮೊದಲೆಲ್ಲ ಪರೀಕ್ಷೆ ಇಟ್ಟು ಕೆಳಗಿನ ತರಗತಿಗೆ ಹಾಕುತ್ತಿದ್ದರು, ಮೇಲೆ ಬರಲು ವರ್ಷಗಳೇ ಹಿಡಿಯುತ್ತಿತ್ತು. 2017ರ ಎಬಿ 705 ಕಾನೂನಿನ ನಂತರ ನೇರವಾಗಿ ಕಾಲೇಜು ಮಟ್ಟದ ಕ್ಲಾಸಿಗೇ ಸೇರಿಸಿ, ಜೊತೆಗೆ ಟ್ಯೂಟರ್ ಕೊಡುತ್ತಾರೆ. ಇಂಗ್ಲಿಷ್ ಮಾತು ಇನ್ನೂ ಗಟ್ಟಿಯಾಗಬೇಕು ಅನ್ನುವವರಿಗೆ ಯೂನಿಟ್ ಲೆಕ್ಕಕ್ಕೆ ಬಾರದ (ನಾನ್-ಕ್ರೆಡಿಟ್) ಇಎಸ್‌ಎಲ್ ಇಂಗ್ಲಿಷ್ ಕ್ಲಾಸುಗಳಿವೆ, ಅವಕ್ಕೆ ಫೀಸೇ ಇಲ್ಲ.

ಹಂತ 4: ಕೌಂಟಿಯ ಪ್ಲಾನ್ ಬರೆಸುವುದು

ಈ ಹಂತ ಸರಿಯಾದರೆ ಉಳಿದದ್ದು ಸಲೀಸು. ಕೌಂಟಿಯವರು ‘ವೆಲ್‌ಫೇರ್-ಟು-ವರ್ಕ್ ಪ್ಲಾನ್’ ಅಂತ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಒಂಟಿ ತಾಯಿಗೆ ವಾರಕ್ಕೆ 30 ಗಂಟೆ, ಆರು ವರ್ಷದೊಳಗಿನ ಮಗು ಇದ್ದರೆ 20 ಗಂಟೆ. ಗಂಡ ಹೆಂಡತಿ ಇಬ್ಬರೂ ಇದ್ದರೆ ಸೇರಿ 35. ಈ ಗಂಟೆಗಳು ಹೇಗೆ ತುಂಬುತ್ತವೆ ಅನ್ನೋದು ಆ ಕಾಗದದಲ್ಲಿ ಇರುತ್ತದೆ. ಅಲ್ಲಿ ಬರೆಯದ ಓದು ಅವರ ಲೆಕ್ಕದಲ್ಲಿ ಓದೇ ಅಲ್ಲ.

ಹಾಗಾಗಿ ಸಹಿಗೆ ಮುಂಚೆ ಈ ಕ್ರಮ ಪಾಲಿಸಿ. ಮೊದಲು ಕಾಲೇಜಿಗೆ ಹೋಗಿ, ಕೌನ್ಸೆಲರ್ ಜೊತೆ ಕೂತು ‘ಎಜುಕೇಶನ್ ಪ್ಲಾನ್’ ಮಾಡಿಸಿ: ಯಾವ ಸೆಮಿಸ್ಟರಿಗೆ ಯಾವ ಕ್ಲಾಸು, ಯಾವಾಗ ಮುಗಿಯುತ್ತದೆ, ಮುಗಿದರೆ ಯಾವ ಕೆಲಸ. ಕಾಲೇಜಿನ ಕ್ಯಾಲ್‌ವರ್ಕ್ಸ್ ಆಫೀಸಿನಿಂದ ಅದಕ್ಕೆ ಮೊಹರು ಹಾಕಿಸಿ. ಆಮೇಲೆ ಅದನ್ನು ಹಿಡಿದುಕೊಂಡು ಕೌಂಟಿಗೆ ಹೋಗಿ. ಬರಿಗೈಯಲ್ಲಿ ಹೋದರೆ ಅವರು ತಮ್ಮ ಕೆಲಸ ಹುಡುಕುವ ಶಿಬಿರಕ್ಕೆ ಕಳಿಸುತ್ತಾರೆ. ಪ್ಲಾನ್ ಹಿಡಿದು ಹೋದರೆ ಮಾತು ಅಲ್ಲಿಂದ ಶುರುವಾಗುತ್ತದೆ. ಮೊದಲೇ ಕಾಲೇಜಿಗೆ ಸೇರಿದ್ದರೆ ತಾನಾಗಿಯೇ ಆರಿಸಿಕೊಂಡ ಓದು, ‘ಸೆಲ್ಫ್ ಇನಿಶಿಯೇಟೆಡ್ ಪ್ರೋಗ್ರಾಂ’, ಅಂದರೆ ಎಸ್‌ಐಪಿ ಅಂತ ಒಪ್ಪಿಸಿಕೊಳ್ಳುವ ದಾರಿ ಇದೆ. ಆ ಮೂರಕ್ಷರ ಬಾಯಲ್ಲಿ ಬಂದರೆ ಎದುರಿಗಿರುವವರ ಧಾಟಿಯೇ ಬದಲಾಗುವುದನ್ನು ನೋಡುತ್ತೀರಿ.

ಕ್ಲಾಸಿನ ಗಂಟೆ ಮಾತ್ರ ಅಲ್ಲ, ಓದಿಕೊಳ್ಳುವ ಗಂಟೆಯನ್ನೂ ಲೆಕ್ಕಕ್ಕೆ ಸೇರಿಸಬಹುದು. ಕೇಳದಿದ್ದರೆ ಸೇರಿಸದೆ ಬಿಟ್ಟುಬಿಡುತ್ತಾರೆ. ಪುಸ್ತಕದ ದುಡ್ಡನ್ನು ಕೈಯಿಂದ ಹಾಕಿ ರಸೀದಿ ಕೊಡಬೇಕು ಅನ್ನೋದು ಹಳೆಯ ಪದ್ಧತಿ. 2020ರ ಎಸ್‌ಬಿ 1232 ಕಾನೂನಿನ ಪ್ರಕಾರ ಪುಸ್ತಕಕ್ಕೆ ಮುಂಗಡವಾಗಿಯೇ ಕೊಡಬೇಕು. ಅದನ್ನೂ ಕೇಳಿ. ಬಸ್ಸು, ಪೆಟ್ರೋಲು, ನರ್ಸಿಂಗ್ ಯೂನಿಫಾರಂ, ಲೈಸೆನ್ಸ್ ಪರೀಕ್ಷೆಯ ಫೀಸು ಇವೂ ಕೇಳಬಹುದಾದ ಪಟ್ಟಿಯಲ್ಲಿವೆ.

ಎದುರಿಗಿರುವ ಕೇಸ್ ವರ್ಕರ್ ಕೆಟ್ಟವರಲ್ಲ, ಅವರ ಮೇಜಿನ ಮೇಲೆ ಬಹಳ ಫೈಲು ಇರುತ್ತದೆ. ಜಗಳ ಬೇಡ. ಪ್ರತಿ ಭೇಟಿಯ ನಂತರ ‘ಇವತ್ತು ಹೀಗೆ ಮಾತಾಯಿತು’ ಅಂತ ಎರಡು ಸಾಲಿನ ಸಂದೇಶ ಕಳಿಸಿಸಿ. ಅದೇ ದಾಖಲೆ.

ನೆರವು ಕಡಿತ ಮಾಡುವ ನೋಟಿಸ್ ಬಂದರೆ ಅದರ ಹಿಂಬದಿ ಓದಿ. 90 ದಿನದೊಳಗೆ ರಾಜ್ಯದ ವಿಚಾರಣೆ ಕೇಳುವ ಹಕ್ಕು ಅಲ್ಲಿ ಬರೆದಿರುತ್ತದೆ. ಆದರೆ ಕಡಿತ ಜಾರಿಯಾಗುವ ದಿನಕ್ಕಿಂತ ಮುಂಚೆ ಕೇಳಿದರೆ, ತೀರ್ಪು ಬರುವವರೆಗೆ ನೆರವು ಹಳೆಯ ಮಟ್ಟದಲ್ಲೇ ಮುಂದುವರಿಯುತ್ತದೆ. ಸೋತರೆ ಆ ದುಡ್ಡು ವಾಪಸ್ ಕೇಳಬಹುದು, ಅದೂ ಗೊತ್ತಿರಲಿ. ನೋಟಿಸ್ ಬಂದ ದಿನವೇ ತೆರೆಯುವ ಅಭ್ಯಾಸ ಮಾಡಿಸಿ. ಹೆದರಿಕೆಯಿಂದ ಲಕೋಟೆ ತೆರೆಯದೆ ಇಡುವವರು ಬಹಳ ಜನ.

ಹಂತ 5: ಮಗು ಮತ್ತು ಊಟ

ಡೇ ಕೇರ್ ವ್ಯವಸ್ಥೆ ಆಗದೆ ಕ್ಲಾಸು ಶುರು ಮಾಡಿಸಬೇಡಿ. ಕ್ಯಾಲ್‌ವರ್ಕ್ಸ್‌ನವರಿಗೆ ‘ಸ್ಟೇಜ್ 1’ ಮಕ್ಕಳ ಆರೈಕೆ ನೆರವು ಇದೆ. ಕ್ಲಾಸು, ಓದು, ಓಡಾಟ ಎಲ್ಲದರ ಹೊತ್ತಿಗೂ ಕೇಳಿ. ಕೆಲವು ಕಾಲೇಜುಗಳ ಆವರಣದಲ್ಲೇ ಮಕ್ಕಳ ಕೇಂದ್ರ ಇದೆ, ಆದರೆ ಸೀಟು ಸಿಗಲು ತಿಂಗಳುಗಳ ಮುಂಚೆಯೇ ಹೆಸರು ಬರೆಸಬೇಕು. ಆರೈಕೆ ಸಿಗದ ಕಾರಣಕ್ಕೆ ಗಂಟೆ ತುಂಬದಿದ್ದರೆ ಅದು ನ್ಯಾಯವಾದ ಕಾರಣ, ಅದಕ್ಕೆ ದಂಡ ಹಾಕುವಂತಿಲ್ಲ. ಜೊತೆಗೆ ಮಗುವಿಗೆ ಜ್ವರ ಬಂದ ದಿನಕ್ಕೆ ಒಬ್ಬ ಬದಲಿ ಮನುಷ್ಯರು ಬೇಕು. ಫಾರಂ ಬೇಡ, ಕಾನೂನೂ ಬೇಡ, ಪರೀಕ್ಷೆಯ ದಿನ ಮಗುವನ್ನು ಮೂರು ಗಂಟೆ ನೋಡಿಕೊಂಡರೆ ನೀವು ಮಾಡುವ ದೊಡ್ಡ ಸಹಾಯ ಅದೇ.

ಕ್ಯಾಲ್‌ಫ್ರೆಶ್ ವಿಷಯದಲ್ಲಿ ‘ಕಾಲೇಜು ವಿದ್ಯಾರ್ಥಿಗಳಿಗೆ ಇಲ್ಲ’ ಅನ್ನುವ ಅರ್ಧ ಸತ್ಯ ಓಡಾಡುತ್ತದೆ. ನಿರ್ಬಂಧ ಇರುವುದು ಹೌದು, ವಿನಾಯಿತಿಗಳೂ ಇವೆ. ಕ್ಯಾಲ್‌ವರ್ಕ್ಸ್ ಪಡೆಯುವವರು, ಆರು ವರ್ಷದೊಳಗಿನ ಮಗು ನೋಡಿಕೊಳ್ಳುವವರು, 12 ವರ್ಷದೊಳಗಿನ ಮಗು ಇರುವ ಪೂರ್ಣಾವಧಿ ಒಂಟಿ ಪೋಷಕರು, ವಾರಕ್ಕೆ 20 ಗಂಟೆ ದುಡಿಯುವವರು ಎಲ್ಲ ಅದರೊಳಗೆ ಬರುತ್ತಾರೆ.

ಹಂತ 6: ಸೆಮಿಸ್ಟರ್ ದಾಟಿಸುವುದು

ಮೊದಲ ಸೆಮಿಸ್ಟರಿನಲ್ಲಿ ಉತ್ಸಾಹಕ್ಕೆ 15 ಯೂನಿಟ್ ತೆಗೆದುಕೊಳ್ಳಲು ಬಿಡಬೇಡಿ. ಒಂದು ಯೂನಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಓದು. 12 ಯೂನಿಟ್ಟಿಗೇ 36 ಗಂಟೆ ಆಯಿತು. ಕ್ಲಾಸು ಆರಿಸುವಾಗ ಪುಸ್ತಕದ ಖರ್ಚಿಲ್ಲದ ‘ಜೆಡ್‌ಟಿಸಿ’ ಗುರುತು ಇರುವುದನ್ನು ಹುಡುಕಿ.

ಗ್ರೇಡುಗಳ ಸರಾಸರಿ (ಜಿಪಿಎ) 2.0 ಇರಬೇಕು, ತೆಗೆದುಕೊಂಡ ಯೂನಿಟ್‌ನಲ್ಲಿ ಶೇ. 67ರಷ್ಟು ಪಾಸಾಗಿರಬೇಕು. ಇಲ್ಲದಿದ್ದರೆ ಪೆಲ್ ಗ್ರಾಂಟ್ ನಿಲ್ಲುತ್ತದೆ. ಸೆಮಿಸ್ಟರಿನ ಶೇ. 60 ಮುಗಿಯುವ ಮುಂಚೆ ಎಲ್ಲ ಕ್ಲಾಸು ಬಿಟ್ಟರೆ ಬಂದ ದುಡ್ಡಿನಲ್ಲಿ ಒಂದು ಭಾಗ ವಾಪಸ್ ಕಟ್ಟಬೇಕಾಗಬಹುದು. ಹಾಗಾಗಿ ಕಷ್ಟ ಬಂದಾಗ ಸುಮ್ನೆ ಹೋಗೋದು ನಿಲ್ಲಿಸಬಾರದು. ಕೌನ್ಸೆಲರ್ ಹತ್ತಿರ ಹೋಗಿ ಒಂದು ಕ್ಲಾಸು ಮಾತ್ರ ಬಿಡಬಹುದೇ ಕೇಳಬೇಕು. ಹಾಗೆ ಬಿಟ್ಟರೆ ಕೌಂಟಿಯ ಗಂಟೆ ಕಮ್ಮಿಯಾಗುತ್ತದೆ, ಅಲ್ಲಿಗೂ ಅದೇ ದಿನ ತಿಳಿಸಬೇಕು. ಎರಡೂ ಕಡೆ ಒಟ್ಟಿಗೆ ಯೋಚಿಸುವುದು ಅಂದರೆ ಇದು.

ಎರಡು ಕ್ಯಾಲೆಂಡರನ್ನೂ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕಾಲೇಜಿನ ಕಡೆಯಿಂದ: ರಿಜಿಸ್ಟ್ರೇಷನ್, ಡ್ರಾಪ್ ಗಡುವು, ಪರೀಕ್ಷೆ, ಇಒಪಿಎಸ್ ಕೌನ್ಸೆಲರ್ ಭೇಟಿಗಳು. ಕೌಂಟಿಯ ಕಡೆಯಿಂದ: ಹಾಜರಿ ಫಾರಂ, ಆದಾಯದ ಅರ್ಧವಾರ್ಷಿಕ ‘ಎಸ್‌ಎಆರ್ 7’ ವರದಿ, ವರ್ಷದ ಮರುಪರಿಶೀಲನೆ. ಬೇಸಿಗೆ ರಜೆಯಲ್ಲಿ ಗಂಟೆ ಹೇಗೆ ತುಂಬುತ್ತದೆ ಅಂತ ಏಪ್ರಿಲ್‌ನಲ್ಲೇ ಕೇಳಿಡಿ. ಬಹಳ ದಂಡಗಳು ಜೂನ್‌ನಲ್ಲಿ ಹುಟ್ಟುವುದು ಇದಕ್ಕೇ.

ಜೊತೆಗೆ ನಿಲ್ಲುವವರು ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನೋದಕ್ಕೆ ಪುರಾವೆ ನ್ಯೂಯಾರ್ಕಿನಲ್ಲಿದೆ. ಅಲ್ಲಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಶುರು ಮಾಡಿದ ‘ಅಸಾಪ್’ ಯೋಜನೆಯಲ್ಲಿ ಕಮ್ಮಿ ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರ, ಮೆಟ್ರೋ ಕಾರ್ಡು, ಪುಸ್ತಕ ಕೊಟ್ಟರು. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಶೇ. 40, ಯೋಜನೆ ಇಲ್ಲದವರಲ್ಲಿ ಶೇ. 22. ಸೇರಿದವರೆಲ್ಲ ಕಡಿಮೆ ಆದಾಯದವರೇ. ಪಾಠ ಬದಲಾಗಿರಲಿಲ್ಲ, ಸುತ್ತಲಿನ ವ್ಯವಸ್ಥೆ ಬದಲಾಗಿತ್ತು.

ಹಂತ 7: ಕೆಲಸ

ಕೆಲಸದ ಹುಡುಕಾಟ ಕೊನೆಯ ಸೆಮಿಸ್ಟರಿಗೆ ಇಡಬೇಡಿ. ಕಾಲೇಜಿನ ಕ್ಯಾಲ್‌ವರ್ಕ್ಸ್ ಆಫೀಸಿನಲ್ಲಿ ವರ್ಕ್-ಸ್ಟಡಿ, ಅಂದರೆ ಓದುತ್ತಲೇ ದುಡಿಯುವ ವ್ಯವಸ್ಥೆ ಇದೆ. ಸಂಬಳದ ದೊಡ್ಡ ಪಾಲನ್ನು ಯೋಜನೆಯೇ ಕೊಡುವುದರಿಂದ ಹೊರಗಿನ ಮಾಲೀಕರೂ ಒಪ್ಪುತ್ತಾರೆ. ಲೈಬ್ರರಿಯಲ್ಲಿ ವಾರಕ್ಕೆ ಹತ್ತು ಗಂಟೆ ಕೂತರೂ ಅದು ಅಮೆರಿಕದ ಮೊದಲ ಅನುಭವ, ಮೊದಲ ರೆಫರೆನ್ಸ್. ಬುಕ್‌ಕೀಪಿಂಗ್ ಓದುವವರಿಗೆ ಅಕೌಂಟ್ಸ್ ಆಫೀಸಿನಲ್ಲೇ ಜಾಗ ಕೇಳಿ.

ರೆಸ್ಯೂಮೆಯಿಂದ ನಮ್ಮ ಊರಿನ ಅಭ್ಯಾಸ ತೆಗೆಯಿರಿ: ಫೋಟೋ, ಹುಟ್ಟಿದ ತಾರೀಕು, ತಂದೆ ಹೆಸರು, ಮದುವೆ ಆಗಿದೆಯೇ, ಯಾವುದೂ ಬೇಡ. ಒಂದು ಪುಟ ಸಾಕು. ಮನೆಯಲ್ಲಿ ಕಳೆದ ವರ್ಷಗಳಿಗೆ ‘ಮಗುವನ್ನು ನೋಡಿಕೊಳ್ಳುತ್ತಿದ್ದೆ, ಈಗ ಓದು ಮುಗಿಸಿದ್ದೇನೆ’ ಅಂತ ಒಂದೇ ವಾಕ್ಯ ಹೇಳಿದರೆ ಆಯಿತು. ನೆರವು ಪಡೆದದ್ದನ್ನು ಮಾಲೀಕರಿಗೆ ಹೇಳುವ ಅಗತ್ಯ ಇಲ್ಲ. ಹಿಂದಿನ ಸಂಬಳ ಎಷ್ಟು ಅಂತ ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ಕೇಳುವಂತಿಲ್ಲ, 2018ರಿಂದ ಕಾನೂನು ಇದೆ. ಇಂಟರ್‌ವ್ಯೂ ಅಭ್ಯಾಸ ಕನ್ನಡದಲ್ಲಿ ಶುರು ಮಾಡಿ. ಹೇಳಬೇಕಾದ್ದು ಏನು ಅಂತ ಮನಸ್ಸಿಗೆ ಬಂದ ಮೇಲೆ ಇಂಗ್ಲಿಷಿಗೆ ಹೋಗಿ. ಹೊರಗೆ ಹುಡುಕಲು ‘ಅಮೆರಿಕಾಸ್ ಜಾಬ್ ಸೆಂಟರ್’ ಕೇಂದ್ರಗಳಿವೆ, ಪುಕ್ಕಟೆ.

ಕೆಲಸ ಸಿಕ್ಕಿದ ವಾರ

ಸಂಬಳ ಬಂದ ತಕ್ಷಣ ನೆರವು ಪೂರ್ತಿ ಹೋಗುತ್ತದೆ ಅನ್ನೋದು ತಪ್ಪು. 2022ರ ಜೂನ್‌ನಿಂದ ಇರುವ ಲೆಕ್ಕದಲ್ಲಿ ತಿಂಗಳ ಮೊದಲ 600 ಡಾಲರ್ ಬಿಟ್ಟು, ಉಳಿದದ್ದರಲ್ಲಿ ಅರ್ಧವನ್ನು ಮಾತ್ರ ಆದಾಯ ಅಂತ ಹಿಡಿಯುತ್ತಾರೆ. ಹೊಸ ಸಂಬಳವನ್ನು ಹೇಳಬೇಕಾದ ಹೊತ್ತಿಗೆ ಹೇಳಿ. ಮುಚ್ಚಿಟ್ಟು ಆಮೇಲೆ ಬರುವ ವಸೂಲಿ ನೋಟಿಸು ಬಹಳ ಕಾಡುತ್ತದೆ.

ನಗದು ನೆರವು ನಿಂತ ಮೇಲೂ ಐದು ತಿಂಗಳ ಟ್ರಾನ್ಸಿಷನಲ್ ಕ್ಯಾಲ್‌ಫ್ರೆಶ್, ಒಂದು ವರ್ಷದವರೆಗೆ ಟ್ರಾನ್ಸಿಷನಲ್ ಮೆಡಿ-ಕ್ಯಾಲ್, ಎರಡು ವರ್ಷದವರೆಗೆ ಮಕ್ಕಳ ಆರೈಕೆ ನೆರವು ಮುಂದುವರಿಯಬಹುದು. ‘ಕೇಸು ಕ್ಲೋಸ್ ಮಾಡಿ’ ಅಂತ ಫೋನಿನಲ್ಲಿ ಹೇಳಿ ಖುಷಿಯಿಂದ ಇಟ್ಟುಬಿಡಬೇಡಿ. ಈ ಮೂರೂ ಮುಂದುವರಿಯುತ್ತವೆಯೇ ಅಂತ ಕೇಳಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ. 60 ತಿಂಗಳಲ್ಲಿ ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಅನ್ನುವ ಲೆಕ್ಕವನ್ನೂ ಅದೇ ದಿನ ಕೇಳಿ ಫೈಲಿನಲ್ಲಿಡಿ. ಆ ತಿಂಗಳುಗಳು ಮುಂದೆ ಬೇಕಾಗಬಹುದು. ಇನ್ನು ಸರ್ಟಿಫಿಕೇಟ್ ತಾನಾಗಿ ಮನೆಗೆ ಬರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಕಾಲೇಜುಗಳಲ್ಲಿ ಅದಕ್ಕೂ ಒಂದು ಅರ್ಜಿ ಹಾಕಬೇಕು, ಅದಕ್ಕೂ ಒಂದು ಗಡುವಿದೆ.